ಹಬ್ಬ ಬಂತು, ಎದೆ ಭಾರವಾಯಿತು: ಕ್ರಿಸ್ಮಸ್ ದಿನಗಳ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚರ್ಚಿನ ಸಭೆಯಲ್ಲಿ ಕೆಲವು ವರ್ಷಗಳಿಂದ ಜನರ ಕಷ್ಟಸುಖ ಕೇಳುವ ಕೆಲಸ ಮಾಡುತ್ತಿದ್ದೇನೆ. ಡಿಸೆಂಬರ್ ಬಂತೆಂದರೆ ಮಾತಾಡಲು ಬರುವವರ ಸ್ವರವೇ ಬದಲಾಗುತ್ತದೆ. ಆರಾಧನೆ ಮುಗಿದು ಎಲ್ಲರೂ ಕೈಕುಲುಕಿ ಹೊರಟ ಮೇಲೆ ಯಾರಾದರೊಬ್ಬರು ಬಾಗಿಲ ಬಳಿ ಉಳಿದುಕೊಳ್ಳುತ್ತಾರೆ. "ಒಂದು ನಿಮಿಷ ಇದೆಯಾ?" ಅನ್ನುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ, ಯಾರ ಗುರುತೂ ಸಿಗದ ಹಾಗೆ, ಇಲ್ಲಿ ಬರೆದಿದ್ದೇನೆ. ನಾನು ವೈದ್ಯೆಯಲ್ಲ. ವೈದ್ಯರ ಹತ್ತಿರ ಹೋಗಬೇಕಾದ ಕಡೆ ಹಾಗೆಂದೇ ಹೇಳಿದ್ದೇನೆ.

ಸಂತೋಷದ ಹಬ್ಬದಲ್ಲೇ ಇಷ್ಟೊಂದು ಒತ್ತಡ ಯಾಕೆ?

ಹಬ್ಬ ಒಂಟಿಯಾಗಿ ಬರುವುದಿಲ್ಲ, ಅದಕ್ಕೆ. ವರ್ಷದ ಕೊನೆಯ ಲೆಕ್ಕಪತ್ರ, ಆಫೀಸಿನ ಬಾಕಿ ಕೆಲಸ, ಪ್ರಯಾಣ, ನೆಂಟರು, ಖರ್ಚು, ಚರ್ಚಿನ ಕಾರ್ಯಕ್ರಮ ಎಲ್ಲ ಒಂದೇ ತಿಂಗಳಿನ ಮೇಲೆ ಬಂದು ಬೀಳುತ್ತವೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು ಬದುಕಿನ 43 ಘಟನೆಗಳಿಗೆ, ಅವು ಮನುಷ್ಯನನ್ನು ಎಷ್ಟು ಅಲುಗಾಡಿಸುತ್ತವೆ ಎಂಬುದರ ಮೇಲೆ ಅಂಕ ಕೊಟ್ಟು ಒಂದು ಪಟ್ಟಿ ಮಾಡಿದರು. ಗಂಡ ಅಥವಾ ಹೆಂಡತಿಯ ಸಾವಿಗೆ 100 ಅಂಕ. ಕೆಲಸ ಕಳೆದುಕೊಂಡರೆ 47, ಮನೆ ಬದಲಾಯಿಸಿದರೆ 20. ಕ್ರಿಸ್ಮಸ್ ಕೂಡ ಆ ಪಟ್ಟಿಯಲ್ಲಿದೆ, ಅದಕ್ಕೆ 12. ಚಿಕ್ಕ ಸಂಖ್ಯೆಯೇ ಸರಿ. ಆದರೆ ಅಲ್ಲಿ ಅಂಕಗಳನ್ನು ಕೂಡುತ್ತಾ ಹೋಗಬೇಕು. ಆ ವರ್ಷ ಕೆಲಸ ಹೋದವರಿಗೆ, ಮನೆಯಲ್ಲಿ ಸಾವಾದವರಿಗೆ ಈ 12 ಕೂಡ ಮೇಲೆ ಬಂದು ಕೂರುತ್ತದೆ. "ಹೋದ ವರ್ಷ ಇಷ್ಟೇ ಕೆಲಸ ಮಾಡಿದ್ದೆ, ಏನೂ ಆಗಿರಲಿಲ್ಲ, ಈ ವರ್ಷ ಯಾಕೆ ಹೀಗೆ?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಈ ವರ್ಷ ಇನ್ನೇನೇನು ನಡೆದಿದೆ ಅಂತ.

ಇನ್ನೊಂದು ಕಾರಣ, ಈ ತಿಂಗಳು ನಗುನಗುತ್ತಾ ಇರಲೇಬೇಕೆಂಬ ಒತ್ತಾಯ. ಜೂನ್‌ನಲ್ಲಿ ಬೇಸರವಾದರೆ ಅದು ಬರೀ ಬೇಸರ. ಡಿಸೆಂಬರ್‌ನಲ್ಲಿ ಬೇಸರವಾದರೆ ಅದರ ಜೊತೆ ತಪ್ಪು ಮಾಡಿದ ಭಾವನೆಯೂ ಸೇರಿಕೊಳ್ಳುತ್ತದೆ.

ದೇವರ ಮೇಲೆ ನಂಬಿಕೆ ಇರುವವರಿಗೆ ಇದೆಲ್ಲ ಬರಬಾರದಲ್ಲವೇ? ಚಿಂತೆ ಮಾಡುವುದು ಪಾಪವಲ್ಲವೇ?

ಈ ಪ್ರಶ್ನೆಯನ್ನು ಅಳುತ್ತಾ ಕೇಳಿದವರಿದ್ದಾರೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

"ಯಾವ ಸಂಬಂಧವಾಗಿಯೂ ಚಿಂತೆ ಮಾಡದೆ" ಎಂದು ಅಪೊಸ್ತಲನಾದ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದು ನಿಜ. ಆ ಮಾತನ್ನು ಚಾಟಿಯ ಹಾಗೆ ಬೀಸುವವರು ಅದನ್ನು ಬರೆದವನು ಎಲ್ಲಿದ್ದ ಎಂಬುದನ್ನು ಮರೆಯುತ್ತಾರೆ. ಅವನು ಸೆರೆಯಲ್ಲಿದ್ದ. ಮುಂದೆ ಬದುಕುತ್ತೇನೋ ಸಾಯುತ್ತೇನೋ ಎಂಬುದು ಗೊತ್ತಿರಲಿಲ್ಲ, ಅದನ್ನು ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಚಿಂತೆ ಬಂದಾಗ ಅದನ್ನು ಎಲ್ಲಿಗೆ ಒಯ್ಯಬೇಕು ಎಂದು ಒಬ್ಬ ಕೈದಿ ಗೆಳೆಯರಿಗೆ ಹೇಳಿಕೊಟ್ಟ ಮಾತು ಅದು. ಚಿಂತೆ ಬಂದವರನ್ನು ಗದರಿಸುವ ಮಾತಾಗಿ ನನಗಂತೂ ಕೇಳಿಸುವುದಿಲ್ಲ.

ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತನ್ನ ಶಿಷ್ಯರಿಗೆ, ನನ್ನ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದರು, ನನ್ನ ಜೊತೆ ಎಚ್ಚರವಾಗಿರಿ ಎಂದು ಬೇಡಿಕೊಂಡರು. ಒಬ್ಬರೇ ಸಹಿಸಿಕೊಳ್ಳುತ್ತೇನೆ ಎನ್ನಲಿಲ್ಲ. ಪಾಪವಿಲ್ಲದವರಿಗೇ ಆ ಸಂಕಟ ಬಂದಿದೆ ಎಂದ ಮೇಲೆ, ಎದೆ ಡವಗುಟ್ಟುವುದನ್ನೇ ಪಾಪ ಎನ್ನಲು ನಮಗೆ ಯಾವ ಆಧಾರವಿದೆ?

ಪ್ರವಾದಿ ಎಲೀಯನ ಕಥೆಯನ್ನೂ ಒಮ್ಮೆ ನಿಧಾನವಾಗಿ ಓದಿ. ಒಂದನೆಯ ಅರಸುಗಳು 19ನೇ ಅಧ್ಯಾಯ. ದೊಡ್ಡ ಜಯ ಕಂಡ ಬೆನ್ನಿಗೇ ಅವನು ಮರುಭೂಮಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ನನಗೆ ಸಾವು ಬರಲಿ ಎನ್ನುತ್ತಾನೆ. ದೇವರು ಅವನಿಗೆ ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟ, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದ. ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ನಿದ್ದೆ ಮೊದಲು, ಊಟ ಮೊದಲು. ನನಗೆ ಇಡೀ ಬೈಬಲಿನಲ್ಲಿ ಇದಕ್ಕಿಂತ ಮೆತ್ತನೆಯ ಪುಟ ಸಿಕ್ಕಿಲ್ಲ.

ಮನೆಯ ಎಲ್ಲ ಕೆಲಸ ನನ್ನ ತಲೆಯ ಮೇಲೇ. ಎಲ್ಲರ ಮೇಲೂ ರೇಗುತ್ತೇನೆ. ಏನು ಮಾಡಲಿ?

ಒಂದು ವರ್ಷ ಡಿಸೆಂಬರ್ 24ರ ಸಂಜೆ ನನ್ನ ಮಗ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಯ, ಕುರುಬನ ಬೊಂಬೆಯನ್ನು ಕೈಜಾರಿಸಿ ಬೀಳಿಸಿದ. ಬೊಂಬೆಯ ಕತ್ತು ಮುರಿಯಿತು. ನಾನು ಕೂಗಾಡಿದ ರೀತಿಗೆ ಅವನು ಊಟ ಮಾಡದೆ ಮಲಗಿದ. ರಾತ್ರಿ ಹನ್ನೊಂದೂವರೆಗೆ, ಮನೆಯವರೆಲ್ಲ ಮಲಗಿದ ಮೇಲೆ ನೆಲ ಒರೆಸುತ್ತಾ ಗೋದಲಿಯ ಹತ್ತಿರ ಬಂದೆ. ಬೊಂಬೆಯ ಕತ್ತಿಗೆ ಉಡುಗೊರೆ ಸುತ್ತುವ ಟೇಪನ್ನು ನಾಲ್ಕೈದು ಸುತ್ತು ಬಿಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಎತ್ತಿನ ಹಿಂದೆ ನಿಲ್ಲಿಸಿದ್ದ. ನನ್ನ ಕಣ್ಣಿಗೆ ಬೀಳಬಾರದೆಂದು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಅಲ್ಲೇ ಕೂತುಬಿಟ್ಟೆ. ಯಾರ ಹುಟ್ಟುಹಬ್ಬಕ್ಕೆಂದು ಆ ನೆಲ ಅಷ್ಟು ಹೊಳೆಯಬೇಕಾಗಿತ್ತೋ ಅವರನ್ನು ಮಲಗಿಸಿದ್ದು ದನಗಳು ಮೇವು ತಿನ್ನುವ ಜಾಗದಲ್ಲಿ.

ಲೂಕ 10ರಲ್ಲಿ ಬರುವ ಮಾರ್ಥಳ ಪ್ರಸಂಗ ಎಲ್ಲರಿಗೂ ಗೊತ್ತು: ಮನೆಗೆ ಬಂದ ಯೇಸುವಿನ ಉಪಚಾರದಲ್ಲಿ ಮುಳುಗಿದ್ದ ಅವಳು, ಕೈಜೋಡಿಸದೆ ಅವರ ಮಾತು ಕೇಳುತ್ತಾ ಕೂತ ತಂಗಿಯ ಮೇಲೆ ದೂರು ಹೇಳುತ್ತಾಳೆ. ಅದನ್ನು ಅಡುಗೆಮನೆಯಲ್ಲಿ ದುಡಿಯುವವರ ವಿರುದ್ಧ ಬಳಸುವುದನ್ನು ಕೇಳಿ ನನಗೆ ನೋವಾಗಿದೆ. ಯೇಸು ಎತ್ತಿ ಹೇಳಿದ್ದು ಅವಳ ಚಿಂತೆ ಮತ್ತು ಗಡಿಬಿಡಿಯನ್ನು. ಯೋಹಾನ 12ಕ್ಕೆ ಬನ್ನಿ. ಅದೇ ಬೇಥಾನ್ಯ, ಅದೇ ಮಾರ್ಥಳು, ಮತ್ತೆ ಊಟಕ್ಕೆ ಬಡಿಸುತ್ತಿದ್ದಾಳೆ. ಈ ಸಲ ಅವಳಿಗೆ ಯಾರೂ ಏನೂ ಅನ್ನುವುದಿಲ್ಲ. ಕೆಲಸ ಅದೇ ಇದೆ, ತಂಗಿಯ ಮೇಲಿನ ದೂರು ಮಾತ್ರ ಇಲ್ಲ.

ಆ ರಾತ್ರಿಯ ಮೇಲೆ ನಮ್ಮ ಮನೆಯಲ್ಲಿ ಒಂದು ರೂಢಿ ಮಾಡಿಕೊಂಡೆವು. ಕ್ರಿಸ್ಮಸ್‌ಗೆ ಸಿದ್ಧವಾಗುವ ಅಡ್ವೆಂಟ್ ಕಾಲದ ಮೊದಲ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ, ಎಲ್ಲರೂ ಕೂತು ಹಬ್ಬದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯುತ್ತೇವೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದನ್ನು ಬಿಟ್ಟರೆ ನಿಜವಾಗಿ ಯಾರಿಗೆ ಬೇಸರ? ಯಾರೂ ಕೈ ಎತ್ತದ ಕೆಲಸಗಳು ಎಷ್ಟಿದ್ದವು ಎಂದರೆ ನನಗೇ ಆಶ್ಚರ್ಯವಾಯಿತು. ಅವನ್ನು ಹೊಡೆದುಹಾಕಿದೆವು. ಉಳಿದವುಗಳ ಮುಂದೆ ಒಬ್ಬೊಬ್ಬರ ಹೆಸರು. ಹೆಸರು ಬರೆದ ಮೇಲೆ ಅವರು ಮಾಡಿದ ಹಾಗೆ ಮಾಡಲು ಬಿಡಬೇಕು, ಹಿಂದೆ ಹೋಗಿ ಸರಿಮಾಡಬಾರದು. ನನಗೆ ಅತಿ ಕಷ್ಟವಾದದ್ದು ಇದೇ.

ದುಡ್ಡಿಲ್ಲ. ಮಕ್ಕಳಿಗೂ ನೆಂಟರಿಗೂ ಏನಾದರೂ ಕೊಡಲೇಬೇಕಲ್ಲ, ಸಾಲ ಮಾಡಲೇ?

ಬೇಡ. ಹಬ್ಬಕ್ಕಾಗಿ ಮಾಡಿದ ಸಾಲ ಹಬ್ಬ ಮುಗಿದ ಮೇಲೂ ತಿಂಗಳುಗಟ್ಟಲೆ ಮನೆಯಲ್ಲೇ ಕೂತಿರುತ್ತದೆ.

ಲೂಕ 2:24ರಲ್ಲಿ ಓದುವಾಗ ಸುಲಭವಾಗಿ ದಾಟಿಹೋಗುವ ಒಂದು ಮಾತಿದೆ. ಮಗುವನ್ನು ದೇವಾಲಯಕ್ಕೆ ತಂದಾಗ ಮರಿಯಳು ಮತ್ತು ಯೋಸೇಫನು ಕೊಟ್ಟ ಬಲಿ ಎರಡು ಹಕ್ಕಿಗಳು, ಬೆಳವಕ್ಕಿ ಅಥವಾ ಪಾರಿವಾಳದ ಮರಿಗಳು. ಯಾಜಕಕಾಂಡ 12:8ನ್ನು ಜೊತೆಗಿಟ್ಟು ನೋಡಿದರೆ ಅದರ ಅರ್ಥ ಬಿಚ್ಚಿಕೊಳ್ಳುತ್ತದೆ. ಬಾಣಂತಿ ಕೊಡಬೇಕಾದದ್ದು ಒಂದು ಕುರಿಮರಿ ಮತ್ತು ಒಂದು ಹಕ್ಕಿ, ಕುರಿಮರಿಗೆ ಗತಿಯಿಲ್ಲದವಳಿಗೆ ಎರಡು ಹಕ್ಕಿಗಳು ಸಾಕು. ಲೋಕರಕ್ಷಕನ ತಾಯಿ ಬಡವರ ಕಾಣಿಕೆ ಕೊಟ್ಟು ಬಂದವಳು. ದೇವರು ಆ ಕಾನೂನನ್ನು ಮೊದಲೇ ಬರೆಸಿಟ್ಟಿದ್ದರು, ಕೈಲಾಗದವರು ತಲೆ ತಗ್ಗಿಸಬಾರದೆಂದು.

ಮನಸ್ಸಿದ್ದರೆ ಸಾಕು, ಇದ್ದುದಕ್ಕೆ ತಕ್ಕಂತೆ ಕೊಟ್ಟದ್ದೇ ಒಪ್ಪಿಗೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಪೌಲನು ಕೊರಿಂಥದವರಿಗೆ ಹೇಳುತ್ತಾನೆ (2 ಕೊರಿಂಥ 8:12). ಆದ್ದರಿಂದ ಖರ್ಚು ಮಾಡುವ ಮೊದಲು ಒಂದು ಮೊತ್ತ ಗೊತ್ತುಮಾಡಿ, ಆ ಹಣವನ್ನು ಬೇರೆ ಇಟ್ಟುಬಿಡಿ, ಅದು ಮುಗಿದರೆ ಅಲ್ಲಿಗೆ ಮುಗಿಯಿತು. ನೆಂಟರಿಗೆ ಡಿಸೆಂಬರ್ ಆರಂಭದಲ್ಲೇ ಹೇಳಿ: "ಈ ವರ್ಷ ನಮಗೆ ಸ್ವಲ್ಪ ಬಿಗಿ, ಉಡುಗೊರೆ ಮಕ್ಕಳಿಗೆ ಮಾತ್ರ." ಹೀಗೆ ಒಬ್ಬರು ಬಾಯಿಬಿಟ್ಟು ಹೇಳಿದರೆ ಸಮಾಧಾನದ ಉಸಿರು ಬಿಡುವವರು ಇನ್ನೂ ನಾಲ್ಕು ಜನ ಇರುತ್ತಾರೆ. ಮಕ್ಕಳಿಗೂ ನಿಜ ಹೇಳಬಹುದು. ಅವರಿಗೆ ನಿಮ್ಮ ಮುಖ ಓದಲು ಬರುತ್ತದೆ, ಕಾರಣ ಗೊತ್ತಾಗದಿದ್ದರೆ ತಮ್ಮಿಂದಲೇ ಏನೋ ತಪ್ಪಾಯಿತು ಅಂದುಕೊಳ್ಳುತ್ತಾರೆ.

ಮನೆಮಂದಿ ಒಂದೆಡೆ ಸೇರಿದರೆ ಜಗಳ ಗ್ಯಾರಂಟಿ. ಹೋಗಲೇಬೇಕೇ?

ಹಬ್ಬದ ದಿನ ಮನೆಯವರ ಜೊತೆ ಇರುಸುಮುರುಸು ಯೇಸುವಿಗೂ ಆಗಿದೆ. ಯೋಹಾನ 7ನೇ ಅಧ್ಯಾಯದಲ್ಲಿ ಪರ್ಣಶಾಲೆಗಳ ಹಬ್ಬ ಹತ್ತಿರ ಬಂದಾಗ ಅವರ ತಮ್ಮಂದಿರು, ಹೋಗು, ಅಲ್ಲಿ ನಿನ್ನ ಕೆಲಸಗಳನ್ನು ಲೋಕಕ್ಕೆ ತೋರಿಸು ಎಂದು ಒತ್ತಾಯಿಸಿದರು. ಅವರು ಯೇಸುವನ್ನು ನಂಬಿರಲಿಲ್ಲ ಎಂದು ಯೋಹಾನನು ಅಲ್ಲೇ ಬರೆದಿದ್ದಾನೆ. ನನ್ನ ಸಮಯ ಇನ್ನೂ ಬಂದಿಲ್ಲ ಎಂದು ಯೇಸು ಅವರ ಜೊತೆ ಹೋಗಲಿಲ್ಲ. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ ತಾವಾಗಿ ಹೋದರು. ಯಾವಾಗ ಹೋಗಬೇಕು, ಹೇಗೆ ಹೋಗಬೇಕು ಎಂಬುದನ್ನು ತಮ್ಮಂದಿರ ಕೈಗೆ ಕೊಡಲಿಲ್ಲ.

ಇನ್ನೂ ಹಿಂದೆ ಹೋದರೆ, ಹನ್ನೆರಡು ವರ್ಷದ ಯೇಸು ಪಸ್ಕಹಬ್ಬದಲ್ಲಿ ತಪ್ಪಿಸಿಕೊಂಡ ಪ್ರಸಂಗ. ಒಂದು ದಿನದ ದಾರಿ ನಡೆದ ಮೇಲೆ ಮಗ ಜೊತೆಯಲ್ಲಿಲ್ಲ ಎಂದು ತಿಳಿದು, ವಾಪಸು ಹೋಗಿ, ಮೂರು ದಿನದ ಮೇಲೆ ಕಂಡಾಗ ಮರಿಯಳು, ಯಾಕಪ್ಪಾ ಹೀಗೆ ಮಾಡಿದೆ, ನಾವಿಬ್ಬರೂ ಎಷ್ಟು ತಳಮಳಪಟ್ಟು ಹುಡುಕಿದೆವು ಅನ್ನುತ್ತಾಳೆ. ಪವಿತ್ರ ಕುಟುಂಬದ ಹಬ್ಬದ ಪ್ರವಾಸವೂ ಹೀಗೇ ಇತ್ತು!

ರೋಮಾಪುರದವರಿಗೆ ಬರೆದ ಪತ್ರದ 12:18ರಲ್ಲಿ ಪೌಲನು ಎಲ್ಲರ ಸಂಗಡ ಸಮಾಧಾನದಿಂದಿರಿ ಎನ್ನುವ ಮೊದಲು ಎರಡು ಷರತ್ತು ಹಾಕಿದ್ದಾನೆ: ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ. ಎದುರಿನವರ ಪಾಲು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಹೊತ್ತು ಇರುತ್ತೀರೆಂದು ಮೊದಲೇ ಹೇಳಿ ಹೋಗಿ. ಪ್ರತಿ ವರ್ಷ ಬೆಂಕಿ ಹೊತ್ತಿಸುವ ವಿಷಯ ಯಾವುದೆಂದು ನಿಮಗೆ ಗೊತ್ತಿರುತ್ತದೆ, ಅದು ಬಂದರೆ "ಅದನ್ನು ಇವತ್ತು ಬೇಡ, ಇನ್ನೊಂದು ದಿನ ಕೂತು ಮಾತಾಡೋಣ" ಎನ್ನುವ ಒಂದು ವಾಕ್ಯ ಬಾಯಲ್ಲಿ ಸಿದ್ಧವಾಗಿರಲಿ. ಗಂಡಹೆಂಡತಿಯಾದರೆ, ಸಾಕು ಹೊರಡೋಣ ಎನ್ನಲು ಒಂದು ಸನ್ನೆ ಮೊದಲೇ ಮಾತಾಡಿಕೊಳ್ಳಿ.

ಆ ಮನೆಯಲ್ಲಿ ಕೈ ಮಾಡುವವರಿದ್ದರೆ, ಹಿಂದೆ ನಿಮ್ಮ ಮೇಲೋ ಮಕ್ಕಳ ಮೇಲೋ ದೌರ್ಜನ್ಯ ಮಾಡಿದವರಿದ್ದರೆ, ಹೋಗಬೇಡಿ. ಕ್ಷಮೆಯ ಹೆಸರಿನಲ್ಲಿ ಅಪಾಯದ ಮನೆಗೆ ಮಕ್ಕಳನ್ನು ಕರೆದೊಯ್ಯಿರಿ ಎಂದು ಸುವಾರ್ತೆ ಹೇಳುವುದಿಲ್ಲ. ಅರಸ ಹೆರೋದನ ಕೈಯಿಂದ ಮಗು ಯೇಸುವನ್ನು ಉಳಿಸಲು ಯೋಸೇಫನು ರಾತ್ರೋರಾತ್ರಿ ಎದ್ದು ಐಗುಪ್ತಕ್ಕೆ ಹೊರಟ. ಹೊರಡು ಎಂದು ಹೇಳಿದ್ದು ದೇವದೂತ.

ಈ ವರ್ಷ ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಹಬ್ಬ ಮಾಡಬೇಕೇ, ಬಿಡಬೇಕೇ?

ಎರಡೂ ಸರಿ. ಇದಕ್ಕೆ ದೇವರ ಕಡೆಯಿಂದ ಯಾವ ಕಟ್ಟಳೆಯೂ ಇಲ್ಲ.

ನನ್ನ ತಾಯಿ ತೀರಿಕೊಂಡ ವರ್ಷ ಕ್ರಿಸ್ಮಸ್ ಬೆಳಿಗ್ಗೆ ಚರ್ಚಿಗೆ ಹೋದೆ. ಎರಡನೇ ಹಾಡಿಗೆ ಗಂಟಲು ಕಟ್ಟಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಏನೂ ಹೇಳದೆ ಹಾಡಿನ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ನಮ್ಮಿಬ್ಬರಿಗೂ ಕಾಣುವ ಹಾಗೆ ಹಿಡಿದು, ತಾವೇ ಸ್ವಲ್ಪ ಜೋರಾಗಿ ಹಾಡಿದರು. ನನ್ನ ಪಾಲಿನದ್ದನ್ನೂ ಅವರೇ ಹಾಡಿದಂತಿತ್ತು. ನನಗೆ ಆ ದಿನದ ಉಪದೇಶದ ಒಂದು ಅಕ್ಷರವೂ ನೆನಪಿಲ್ಲ, ಆ ಕೈ ನೆನಪಿದೆ.

ಕ್ರಿಸ್ಮಸ್ ಕಥೆಯೊಳಗೇ ಅಳು ಇದೆ. ಮತ್ತಾಯನು ಜ್ಞಾನಿಗಳು ಬಂದು ಹೋದದ್ದನ್ನು ಬರೆದ ಬೆನ್ನಿಗೇ ಬೇತ್ಲೆಹೇಮಿನ ಮಕ್ಕಳ ಕೊಲೆಯನ್ನು ಬರೆಯುತ್ತಾನೆ. ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಹೊಂದಲೊಲ್ಲಳು ಎಂಬ ಯೆರೆಮೀಯನ ಮಾತನ್ನು ಅಲ್ಲಿ ತರುತ್ತಾನೆ. ಪಾಶ್ಚಾತ್ಯ ಸಭೆಗಳ ಪಂಚಾಂಗದಲ್ಲಿ ಆ ಮಕ್ಕಳ ನೆನಪಿನ ದಿನ ಡಿಸೆಂಬರ್ 28, ಕ್ರಿಸ್ಮಸ್ ಆಗಿ ಮೂರೇ ದಿನಕ್ಕೆ. ಹಿಂದಿನವರು ಅದನ್ನು ಬೇರೆ ತಿಂಗಳಿಗೆ ಸಾಗಿಸಲಿಲ್ಲ.

ಕೀರ್ತನೆ 88ನ್ನು ಓದಿ. ಅದು ಕತ್ತಲು ಎಂಬ ಮಾತಿನಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲು ಸೇರಿಸಬೇಕೆಂದು ಅದನ್ನು ಬರೆದವನಿಗೂ ಅನ್ನಿಸಲಿಲ್ಲ, ಅದನ್ನು ಪವಿತ್ರ ಗ್ರಂಥದಲ್ಲಿ ಇಟ್ಟುಕೊಂಡವರಿಗೂ ಅನ್ನಿಸಲಿಲ್ಲ. ಹಲವು ದೇಶಗಳ ಚರ್ಚುಗಳು ಈಗ ಡಿಸೆಂಬರ್ 21ರ ಆಸುಪಾಸು, ಉತ್ತರಾರ್ಧಗೋಳದ ಅತಿ ದೀರ್ಘ ರಾತ್ರಿಯಂದು, ದುಃಖದಲ್ಲಿರುವವರಿಗಾಗಿಯೇ ಒಂದು ಆರಾಧನೆ ನಡೆಸುತ್ತವೆ. ಗದ್ದಲವಿಲ್ಲ, ಮೇಣದ ಬತ್ತಿ ಹಚ್ಚುತ್ತಾರೆ, ತೀರಿಕೊಂಡವರ ಹೆಸರು ಹೇಳುತ್ತಾರೆ. ನಿಮ್ಮ ಸಭೆಯಲ್ಲಿ ಇಲ್ಲದಿದ್ದರೆ ಸಭಾಪಾಲಕರನ್ನು ಕೇಳಿ ನೋಡಿ. ನಾಲ್ಕು ಜನ ಬಂದರೂ ಅದು ನಡೆಯಬೇಕಾದ ಆರಾಧನೆ.

ಮನೆಯಲ್ಲಿ ತೀರಿಕೊಂಡವರ ಹೆಸರನ್ನು ತೆಗೆಯಲು ಹಿಂಜರಿಯಬೇಡಿ. ಎಲ್ಲರೂ ಅವರನ್ನೇ ನೆನೆಯುತ್ತಾ, ಯಾರೂ ಅವರ ಹೆಸರೆತ್ತದೆ ಊಟ ಮುಗಿಸುವುದು ಬಹಳ ಕಷ್ಟದ ಊಟ. ಪ್ರಾರ್ಥನೆಯಲ್ಲಿ ಒಂದು ಸಲ ಹೆಸರು ಹೇಳಿ. ಯಾರಾದರೂ ಅತ್ತರೆ ಅಳಲಿ. ಯೇಸು ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಕಣ್ಣೀರು ಬಿಟ್ಟದ್ದು, ಇನ್ನೇನು ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ.

ನನಗೆ ಯಾರೂ ಇಲ್ಲ. ಆ ದಿನ ಕಳೆಯುವುದು ಹೇಗೆ?

ಜರ್ಮನಿಯ ಪಾಸ್ಟರ್ ಡೀಟ್ರಿಚ್ ಬಾನ್‌ಹಾಫರ್ ಅವರನ್ನು 1943ರ ಏಪ್ರಿಲ್‌ನಲ್ಲಿ ನಾಜಿಗಳು ಬಂಧಿಸಿದರು. ಆ ಡಿಸೆಂಬರ್‌ನಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ಅವರು ತಂದೆತಾಯಿಗೆ ಬರೆದ ಪತ್ರದಲ್ಲಿ, ಮನುಷ್ಯರು ಮುಖ ತಿರುಗಿಸುವ ಕಡೆಗೇ ದೇವರು ಮುಖ ಮಾಡುತ್ತಾರೆ, ಛತ್ರದಲ್ಲಿ ಜಾಗ ಸಿಗದೆ ಕ್ರಿಸ್ತನು ಕೊಟ್ಟಿಗೆಯಲ್ಲಿ ಹುಟ್ಟಿದ್ದು ಸೆರೆಯಲ್ಲಿರುವವನಿಗೆ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಎಂಬರ್ಥದ ಮಾತು ಬರೆದರು. ಒಂಟಿಯಾಗಿರುವವರಿಗೆ ಈ ಹಬ್ಬದ ಮೇಲೆ ಹಕ್ಕು ಕಡಿಮೆ ಎಂದು ಅಂದುಕೊಳ್ಳಬೇಡಿ.

ಆದರೆ ಹಾಗೆಂದು ದಿನವಿಡೀ ಒಬ್ಬರೇ ಇರಬೇಕಾಗಿಲ್ಲ. ಮುಂಚೆಯೇ, ಹಬ್ಬಕ್ಕೆ ಒಂದು ವಾರ ಇರುವಾಗಲೇ, ಯಾರಿಗಾದರೂ ಬಾಯಿಬಿಟ್ಟು ಹೇಳಿ: "ಈ ಸಲ ನಾನು ಒಬ್ಬನೇ ಇದ್ದೇನೆ, ನಿಮ್ಮ ಜೊತೆ ಕೂರಬಹುದೇ?" ಹೀಗೆ ಕೇಳಲು ನಾಲಿಗೆ ಏಳುವುದಿಲ್ಲ, ಗೊತ್ತು. ಮಗು ಹುಟ್ಟುವ ಸುದ್ದಿ ಹೇಳಿ ದೂತನು ಹೋದ ಮೇಲೆ ಮರಿಯಳು ಒಬ್ಬಳೇ ಕೂರಲಿಲ್ಲ. ಅವಸರವಾಗಿ ಬಂಧು ಎಲಿಸಬೇತಳ ಮನೆಗೆ ಹೋಗಿ ಹೆಚ್ಚುಕಡಿಮೆ ಮೂರು ತಿಂಗಳು ಇದ್ದಳು. ಬೆಳಗಿನ ಆರಾಧನೆ, ಮಧ್ಯಾಹ್ನ ಒಂದು ಫೋನು ಅಥವಾ ಭೇಟಿ, ಸಂಜೆ ಕತ್ತಲಾಗುವ ಹೊತ್ತಿಗೆ ಒಂದು ನಡಿಗೆ, ಇಷ್ಟನ್ನು ಹಿಂದಿನ ದಿನವೇ ಗೊತ್ತುಮಾಡಿಡಿ. ಮೊಬೈಲಿನಲ್ಲಿ ಬೇರೆಯವರ ಮನೆಯ ಫೋಟೋ ನೋಡುತ್ತಾ ಕೂರುವುದನ್ನು ಆ ಒಂದು ದಿನ ಬಿಡಿ.

ಚರ್ಚಿನ ಸೇವೆಯೇ ನನ್ನನ್ನು ಹಿಂಡುತ್ತಿದೆ. ಬೇಡ ಎಂದರೆ ದೇವರಿಗೆ ಬೇಡ ಎಂದಂತಲ್ಲವೇ?

ಹಾಡಿನ ಅಭ್ಯಾಸ, ಭಾನುವಾರದ ಶಾಲೆಯ ನಾಟಕ, ಅಲಂಕಾರ, ಕ್ಯಾರಲ್ಸ್, ಎಲ್ಲದರಲ್ಲೂ ಅದೇ ಏಳೆಂಟು ಮುಖಗಳು. ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದುದನ್ನು ಕಂಡು ಅವನ ಮಾವ ಇತ್ರೋನನು, ನೀನು ಮಾಡುವುದು ಒಳ್ಳೆಯದಲ್ಲ, ನೀನೂ ಬಳಲಿಹೋಗುತ್ತೀ, ಈ ಜನರೂ ಬಳಲಿಹೋಗುತ್ತಾರೆ ಎಂದ (ವಿಮೋಚನಕಾಂಡ 18). ದೇವರ ಕೆಲಸವನ್ನೇ ಮಾಡುತ್ತಿದ್ದವನಿಗೆ ಹೇಳಿದ ಮಾತಿದು.

ಮಾರ್ಕ 1ರಲ್ಲಿ ಯೇಸು ಬೆಳಗಾಗುವ ಮುಂಚೆ ಎದ್ದು ಒಂಟಿಯಾಗಿ ಪ್ರಾರ್ಥಿಸುತ್ತಿದ್ದಾಗ ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾರೆ. ಬೇರೆ ಊರುಗಳಿಗೆ ಹೋಗೋಣ ಎಂದು ಯೇಸು ಉತ್ತರ ಕೊಟ್ಟರು. ಕಾದಿದ್ದವರ ಕಷ್ಟ ನಿಜವಾದದ್ದೇ ಆಗಿತ್ತು. ಆದರೂ ಎಲ್ಲ ಕೂಗಿಗೂ ಅವರು ಓಗೊಡಲಿಲ್ಲ.

ಸಭೆಯ ಹಿರಿಯರಲ್ಲಿ ನನ್ನದೊಂದು ಕಳಕಳಿಯ ವಿನಂತಿ: ನಿಮ್ಮ ಸಭಾಪಾಲಕರಿಗೆ, ಗುರುಗಳಿಗೆ ಹಬ್ಬದ ಮರುವಾರ ಕಡ್ಡಾಯವಾಗಿ ರಜೆ ಕೊಡಿ. ಊರೆಲ್ಲರ ದುಃಖವನ್ನು ಡಿಸೆಂಬರ್ ಪೂರ್ತಿ ಹೊತ್ತವರು ಅವರು.

ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ.

ಉದ್ದದ ಪ್ರಾರ್ಥನೆ ಬೇಡ. ಮೂಗಿನಿಂದ ನಿಧಾನವಾಗಿ ಉಸಿರೆಳೆದು, ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಿಗೆ ಇಳಿದರೆ ಎದೆಬಡಿತ ತಾನಾಗಿ ತಗ್ಗತೊಡಗುತ್ತದೆ. ಉಸಿರೆಳೆಯುವಾಗ "ಹೊರೆಹೊತ್ತವರೇ, ನನ್ನ ಬಳಿಗೆ ಬನ್ನಿರಿ" ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ, ಬಿಡುವಾಗ "ನಾನು ನಿಮಗೆ ವಿಶ್ರಾಂತಿ ಕೊಡುವೆನು" ಎಂದು. ಮತ್ತಾಯ 11:28. ಐದು ನಿಮಿಷ ಸಾಕು, ಪಾತ್ರೆ ತೊಳೆಯುತ್ತಲೂ ಮಾಡಬಹುದು.

ಹಬ್ಬದ ದಿನ ಸ್ವಲ್ಪ ಕುಡಿದರೆ ಮನಸ್ಸು ಹಗುರಾಗುತ್ತದೆ. ತಪ್ಪೇನು?

ಹಗುರಾಗುವುದು ಕೆಲವೇ ಗಂಟೆ. ಮದ್ಯ ನಿದ್ದೆ ಕೆಡಿಸುತ್ತದೆ, ಮರುದಿನದ ಆತಂಕವನ್ನು ಹೆಚ್ಚಿಸುತ್ತದೆ. ರಜೆಯಲ್ಲಿ ವಿಪರೀತ ಕುಡಿದವರಲ್ಲಿ ಎದೆಬಡಿತ ತಾಳ ತಪ್ಪುವುದಕ್ಕೆ ವೈದ್ಯರು 1978ರಲ್ಲೇ 'ಹಾಲಿಡೇ ಹಾರ್ಟ್' ಎಂಬ ಹೆಸರು ಕೊಟ್ಟಿದ್ದಾರೆ. ಕುಡಿತ ಬಿಟ್ಟು ಬದುಕಲು ಹೆಣಗುತ್ತಿರುವವರು ನಿಮ್ಮ ಮನೆಗೆ ಬರುವವರಿದ್ದರೆ, ಅವರ ಸಲುವಾಗಿ ಅಂದು ಯಾರೂ ಕುಡಿಯದಿರಿ.

ಎದೆ ಹಿಡಿದ ಹಾಗಾಗುತ್ತದೆ. ಒತ್ತಡಕ್ಕೇ ಇರಬೇಕು, ಹಬ್ಬ ಮುಗಿದ ಮೇಲೆ ತೋರಿಸಿದರಾಯಿತಲ್ಲ?

ಖಂಡಿತ ಬೇಡ. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗೆ ದಾಖಲಾದ 2,83,000ಕ್ಕೂ ಹೆಚ್ಚು ಹೃದಯಾಘಾತಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅಲ್ಲಿ ಹಬ್ಬದ ಮುಖ್ಯ ದಿನವಾದ ಡಿಸೆಂಬರ್ 24ರಂದು ಹೃದಯಾಘಾತದ ಅಪಾಯ ಸಾಮಾನ್ಯ ದಿನಗಳಿಗಿಂತ ಶೇ. 37ರಷ್ಟು ಹೆಚ್ಚಿತ್ತು, ಅದೂ ರಾತ್ರಿ 10ರ ಸುಮಾರಿಗೆ. ವಯಸ್ಸಾದವರಲ್ಲಿ, ಮೊದಲೇ ಸಕ್ಕರೆ ಕಾಯಿಲೆ ಅಥವಾ ಹೃದ್ರೋಗ ಇದ್ದವರಲ್ಲಿ ಇನ್ನೂ ಹೆಚ್ಚು. ನೆಂಟರ ಮುಂದೆ ಗಲಾಟೆ ಬೇಡ ಎಂದು ನೋವನ್ನು ನುಂಗಿಕೊಂಡು ಕೂರಬೇಡಿ. ಎದೆನೋವು, ತೋಳಿಗೋ ದವಡೆಗೋ ಹರಡುವ ನೋವು, ಉಸಿರಾಟದ ತೊಂದರೆ, ತಣ್ಣನೆ ಬೆವರು ಕಂಡರೆ ತಕ್ಷಣ ಆಂಬುಲೆನ್ಸ್ ಕರೆಸಿ. ದಿನದ ಮಾತ್ರೆಗಳನ್ನು ಗಡಿಬಿಡಿಯಲ್ಲಿ ತಪ್ಪಿಸಬೇಡಿ, ಪ್ರಯಾಣಕ್ಕೆ ಹೊರಟರೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಇದು ಬರೀ ಒತ್ತಡವೋ ಖಿನ್ನತೆಯೋ, ತಿಳಿಯುವುದು ಹೇಗೆ?

ಹಬ್ಬದ ಒತ್ತಡ ಸಾಮಾನ್ಯವಾಗಿ ಹಬ್ಬದ ಜೊತೆ ಇಳಿಯುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ದಿನದ ಹೆಚ್ಚಿನ ಹೊತ್ತು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಮುಂದುವರಿದರೆ, ಅದರ ಜೊತೆ ನಿದ್ದೆ, ಹಸಿವು, ಏಕಾಗ್ರತೆ ಕೆಟ್ಟಿದ್ದರೆ, ವೈದ್ಯರನ್ನು ಕಾಣಿ. ಭೂಮಧ್ಯರೇಖೆಯಿಂದ ದೂರದ ದೇಶಗಳಲ್ಲಿ ಇರುವವರಿಗೆ ಚಳಿಗಾಲದ ಕಡಿಮೆ ಬೆಳಕಿನಿಂದಲೇ ಬರುವ ಖಿನ್ನತೆಯೂ ಉಂಟು. ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಅದನ್ನು ವಿವರಿಸಿದರು. ಅದಕ್ಕೆ ಬೆಳಗಿನ ಹೊತ್ತು ಪ್ರಖರ ಬೆಳಕಿನ ಚಿಕಿತ್ಸೆ ಇದೆ.

ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾದಂತೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ಗೋದಲಿಯ ಕಥೆಯನ್ನು ನಮಗೆ ಬರೆದುಕೊಟ್ಟವನೆಂದು ಸಭೆ ನಂಬಿಕೊಂಡು ಬಂದಿರುವ ಲೂಕನನ್ನು ಪೌಲನು 'ಪ್ರಿಯ ವೈದ್ಯ' ಎಂದೇ ಕರೆದಿದ್ದಾನೆ. ಲಂಡನ್ನಿನ ಪ್ರಸಿದ್ಧ ಪ್ರಸಂಗಿ ಚಾರ್ಲ್ಸ್ ಸ್ಪರ್ಜನ್ ಅವರ ಆರಾಧನೆಯಲ್ಲಿ 1856ರ ಅಕ್ಟೋಬರ್ 19ರಂದು ಯಾರೋ "ಬೆಂಕಿ" ಎಂದು ಸುಳ್ಳು ಕೂಗಿ, ನೂಕುನುಗ್ಗಲಿನಲ್ಲಿ ಏಳು ಜನ ಸತ್ತರು. ಆ ಆಘಾತ ಅವರನ್ನು ಬಹುಕಾಲ ಕಾಡಿತು. ಖಿನ್ನತೆ ತಮ್ಮನ್ನು ಆಗಾಗ ಹಿಡಿಯುತ್ತಿದ್ದುದನ್ನು ಅವರು ತಮ್ಮ ವಿದ್ಯಾರ್ಥಿಗಳಿಂದ ಮುಚ್ಚಿಡಲಿಲ್ಲ.

ಸಾಯುವ ಯೋಚನೆ ಬರುತ್ತಿದ್ದರೆ ಈ ಓದನ್ನು ಇಲ್ಲೇ ನಿಲ್ಲಿಸಿ, ಹತ್ತಿರದಲ್ಲಿರುವ ಒಬ್ಬರನ್ನು ಕರೆದು ಹೇಳಿ, ನಿಮ್ಮಲ್ಲಿಯ ತುರ್ತು ಸಹಾಯವಾಣಿಗೆ ಫೋನು ಮಾಡಿ, ಇಲ್ಲವೇ ಆಸ್ಪತ್ರೆಗೆ ಹೋಗಿ. ಮಧ್ಯರಾತ್ರಿಯಾದರೂ ಸರಿ, ಹಬ್ಬದ ದಿನವಾದರೂ ಸರಿ. ನೀವು ಯಾರಿಗೂ ತೊಂದರೆ ಕೊಡುತ್ತಿಲ್ಲ.

ಕಷ್ಟದಲ್ಲಿರುವವರಿಗೆ ನಾನು ಏನು ಹೇಳಬೇಕು?

ಹೇಳುವುದು ಕಡಿಮೆ ಇರಲಿ. ಅಳುವವರ ಸಂಗಡ ಅಳಿರಿ ಎಂದಿದೆ, ಅಳುವವರಿಗೆ ವಿವರಣೆ ಕೊಡಿ ಎಂದಿಲ್ಲ. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ಬದಲು "ನಾಳೆ ನಾಲ್ಕಕ್ಕೆ ಬಂದು ಮಕ್ಕಳನ್ನು ಎರಡು ಗಂಟೆ ಕರೆದುಕೊಂಡು ಹೋಗುತ್ತೇನೆ" ಎನ್ನಿ. ಸಾಯುವ ಯೋಚನೆ ಇದೆಯೇನೋ ಎಂಬ ಅನುಮಾನ ಬಂದರೆ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರನ್ನೇ ಬಿಟ್ಟು ಬರಬೇಡಿ.

ಹಬ್ಬ ಮುಗಿದ ಮರುದಿನ ಮನಸ್ಸೆಲ್ಲ ಖಾಲಿ ಖಾಲಿ. ಇದೂ ಸಹಜವೇ?

ಸಹಜ. ಒಂದು ತಿಂಗಳು ಬಿಗಿಹಿಡಿದ ಮೈಮನಸ್ಸು ಒಮ್ಮೆಗೇ ಸಡಿಲವಾಗುತ್ತದೆ. ಆದರೆ ಸಭೆಯ ಲೆಕ್ಕದಲ್ಲಿ ಡಿಸೆಂಬರ್ 26ಕ್ಕೆ ಹಬ್ಬ ಮುಗಿದಿರುವುದೇ ಇಲ್ಲ. ಕ್ರಿಸ್ಮಸ್ ಕಾಲ ಹನ್ನೆರಡು ದಿನ ನಡೆದು, ಜನವರಿ 6ರ ಪ್ರಕಟನೆಯ ಹಬ್ಬಕ್ಕೆ ಬಂದು ಸೇರುತ್ತದೆ. ಹಳೆಯ ಜೂಲಿಯನ್ ಪಂಚಾಂಗ ಅನುಸರಿಸುವ ಆರ್ಥೊಡಾಕ್ಸ್ ಸಭೆಗಳಿಗೆ ಕ್ರಿಸ್ಮಸ್ ಬರುವುದೇ ಜನವರಿ 7ಕ್ಕೆ. ಹಾಗಾಗಿ 25ರೊಳಗೆ ಮಾಡಲಾಗದೆ ಉಳಿದದ್ದನ್ನು ಆ ದಿನಗಳಿಗೆ ಹಂಚಿಕೊಳ್ಳಿ. ನೋಡಬೇಕಾದ ಹಿರಿಯರನ್ನು 28ಕ್ಕೆ ನೋಡಬಹುದು, ಬರೆಯಬೇಕಾದ ಪತ್ರವನ್ನು ಜನವರಿ 2ಕ್ಕೆ ಬರೆಯಬಹುದು. ಮೊದಲ ಎರಡು ದಿನ ಮಾತ್ರ ಮಲಗಿ ಏಳುವುದಕ್ಕೇ ಇಟ್ಟುಕೊಳ್ಳಿ.

ಎದ್ದ ಮೇಲೆ, ನೆನಪು ಹಸಿಯಾಗಿರುವಾಗಲೇ, ಒಂದು ಹಾಳೆಯಲ್ಲಿ ಬರೆಯಿರಿ: ಈ ಸಲ ಯಾವುದು ನನ್ನನ್ನು ಹಿಂಡಿತು, ಯಾವುದನ್ನು ಬಿಟ್ಟರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾವ ಹೊತ್ತಿನಲ್ಲಿ ಮನಸ್ಸಿಗೆ ನಿಜವಾಗಿ ಹಿತವೆನಿಸಿತು. 'ನವೆಂಬರ್ ಕೊನೆಗೆ ಓದು' ಎಂದು ಮೇಲೆ ಬರೆದು ಬೈಬಲಿನಲ್ಲಿ ಲೂಕ 2ನೇ ಅಧ್ಯಾಯ ಇರುವ ಪುಟದಲ್ಲಿ ಇಟ್ಟುಬಿಡಿ. ನನ್ನ ಬೈಬಲಿನಲ್ಲಿ ಅಂಥ ಹಾಳೆಗಳು ಈಗ ಆರು ಇವೆ.